ಕಣ್ಣಿಗೆ ಕಾಣದ ದೋಷ: ಏಕನೈಟ್ ರತ್ನದ ಚರಿತ್ರೆ ಮತ್ತು ರತ್ನಪರೀಕ್ಷೆಯ ಧರ್ಮ

ಭಾರತೀಯರು ರತ್ನಗಳನ್ನು ಎಷ್ಟು ಆದರಿಸಿದರೋ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿದರು. ರತ್ನದ ಗುಣಗಳನ್ನು ವರ್ಣಿಸುವ ಶಾಸ್ತ್ರವೇ ಅದರ ದೋಷಗಳನ್ನೂ ಒಂದೊಂದಾಗಿ ಎಣಿಸಿ ಹೇಳುತ್ತಿತ್ತು. ವಜ್ರದೊಳಗೆ ಬಿಂದುವಿದೆಯೇ, ಗೆರೆಯಿದೆಯೇ, ಕಾಗೆಯ ಹೆಜ್ಜೆಯಂತೆ ತೋರುವ ಕಾಕಪದವಿದೆಯೇ ಎಂದು ನೋಡಿದ ಮೇಲೆಯೇ ಬೆಲೆಯ ಮಾತು. ದೋಷವನ್ನು ತಿಳಿಯದೆ ಕೊಂಡವನು ಅಜ್ಞನೆಂದೂ, ತಿಳಿದೂ ಮುಚ್ಚಿ ಮಾರಿದವನು ಅಪರಾಧಿಯೆಂದೂ ಪರಿಗಣಿತನಾಗುತ್ತಿದ್ದನು.

ಈ ಪರಂಪರೆಗೆ ಜೈನರ ಕೊಡುಗೆ ಅಲ್ಪವಲ್ಲ. ದೆಹಲಿಯ ಸುಲ್ತಾನ ಅಲಾವುದ್ದೀನ್ ಖಿಲ್ಜಿಯ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಠಕ್ಕುರ ಫೇರು ಶ್ರೀಮಾಲ ಕುಲದ ಜೈನ ಶ್ರಾವಕ. ಸುಲ್ತಾನನ ಭಂಡಾರದ ರತ್ನರಾಶಿಯನ್ನು ಸ್ವತಃ ಕಂಡು ಪರಿಶೀಲಿಸಿದ್ದ ಆತ 1315ರಲ್ಲಿ ತನ್ನ ಮಗ ಹೇಮಪಾಲನ ತಿಳಿವಳಿಕೆಗಾಗಿ ಪ್ರಾಕೃತದಲ್ಲಿ ‘ರತ್ನಪರೀಕ್ಷಾ’ ಎಂಬ ಗ್ರಂಥವನ್ನು ರಚಿಸಿದನು. ದೇವಾಲಯ ನಿರ್ಮಾಣವನ್ನು ಕುರಿತ ‘ವಾಸ್ತುಸಾರ’ವೂ, ನಾಣ್ಯಗಳನ್ನು ಕುರಿತ ‘ದ್ರವ್ಯಪರೀಕ್ಷಾ’ವೂ ಆತನವೇ. ತಂದೆ ಮಗನಿಗೆ ರತ್ನಗಳನ್ನು ಬಿಟ್ಟುಹೋಗುವುದು ಲೋಕದಲ್ಲಿ ಸಾಮಾನ್ಯ. ರತ್ನಗಳನ್ನು ಪರೀಕ್ಷಿಸುವ ವಿದ್ಯೆಯನ್ನು ಬಿಟ್ಟುಹೋದ ತಂದೆ ಅಪರೂಪ.

ಆದರೆ ಫೇರುವಿನ ಕಾಲದ ಯಾವ ಪರೀಕ್ಷೆಗೂ ಸಿಗದ ಒಂದು ದೋಷವು ಕೆಲವು ಕಲ್ಲುಗಳಲ್ಲಿ ಅಡಗಿತ್ತು. ಅದು ಕಣ್ಣಿಗೆ ಕಾಣದು, ಬೆರಳಿಗೆ ತಾಗದು, ತಕ್ಕಡಿಗೆ ತೂಗದು. ಅದೇ ವಿಕಿರಣ. ಈ ದೋಷವುಳ್ಳ ರತ್ನಗಳಲ್ಲಿ ಅತ್ಯಂತ ವಿರಳವೂ ಸಂಗ್ರಾಹಕರಿಗೆ ಅತ್ಯಂತ ಪ್ರಿಯವೂ ಆದದ್ದು ನೆರೆಯ ಶ್ರೀಲಂಕೆಯಲ್ಲಿ ದೊರೆತ ‘ಏಕನೈಟ್’ ಎಂಬ ಹಸಿರು ಕಲ್ಲು. ಅದರ ಚರಿತ್ರೆಯನ್ನು ತಿಳಿಯುವ ಮೊದಲು ವಿಕಿರಣದ ಅರಿವು ಮನುಷ್ಯನಿಗೆ ಉಂಟಾದ ಬಗೆಯನ್ನು ಸಂಕ್ಷೇಪವಾಗಿ ನೋಡಬೇಕು.

ಅರಿವು ಮೂಡಿದ ಬಗೆ

1893ರಲ್ಲಿ ನಾರ್ವೆಯ ಭೂವಿಜ್ಞಾನಿ ಬ್ರೊಗರ್ ಒಂದು ವಿಚಿತ್ರವನ್ನು ದಾಖಲಿಸಿದರು. ಕೆಲವು ಖನಿಜಗಳ ಹೊರ ಆಕಾರ ಸ್ಫಟಿಕದಂತೆ ಕೋನಬದ್ಧವಾಗಿರುತ್ತದೆ. ಒಳಗೆ ಮಾತ್ರ ಪರಮಾಣುಗಳ ಕ್ರಮವೆಲ್ಲ ಅಳಿದು ಗಾಜಿನ ಸ್ಥಿತಿಗೆ ಬಂದಿರುತ್ತದೆ. ಇಂಥ ಖನಿಜಗಳನ್ನು ಅವರು ‘ಮೆಟಾಮಿಕ್ಟ್’ ಎಂದು ಕರೆದರು. ಕಾರಣ ಆಗ ಯಾರಿಗೂ ತಿಳಿದಿರಲಿಲ್ಲ.

ಮೂರು ವರ್ಷಗಳ ಅನಂತರ ಪ್ಯಾರಿಸಿನಲ್ಲಿ ಹೆನ್ರಿ ಬೆಕೆರೆಲ್ ಯುರೇನಿಯಂ ಲವಣದ ಹರಳುಗಳನ್ನು ಪರೀಕ್ಷಿಸುತ್ತಿದ್ದರು. ಬಿಸಿಲಿನಲ್ಲಿಟ್ಟರೆ ಅವು ಹೊಳೆಯುತ್ತವೆ. ಆ ಹೊಳಪಿನೊಡನೆ ಯಾವುದಾದರೂ ಕಿರಣ ಹೊರಬಂದು ಕಪ್ಪು ಕಾಗದ ಸುತ್ತಿದ ಛಾಯಾಚಿತ್ರ ಫಲಕವನ್ನು ಮುಟ್ಟಬಹುದೆಂಬುದು ಅವರ ಊಹೆ. ಕೆಲವು ದಿನ ಮೋಡ ಕವಿದಿದ್ದರಿಂದ ಹರಳುಗಳನ್ನೂ ಫಲಕವನ್ನೂ ಕತ್ತಲೆಯ ಪೆಟ್ಟಿಗೆಯಲ್ಲೇ ಇಟ್ಟಿದ್ದರು. 1896ರ ಮಾರ್ಚ್ 1ರಂದು ಫಲಕವನ್ನು ಸಂಸ್ಕರಿಸಿ ನೋಡಿದಾಗ ಹರಳುಗಳ ಗುರುತು ಸ್ಪಷ್ಟವಾಗಿ ಮೂಡಿತ್ತು. ಬಿಸಿಲಿಲ್ಲದೆ, ಹೊಳಪಿಲ್ಲದೆ, ಕಲ್ಲು ತಾನೇ ಕಿರಣವನ್ನು ಸೂಸುತ್ತಿತ್ತು. 1898ರಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು ಪೊಲೋನಿಯಂ ಮತ್ತು ರೇಡಿಯಂ ಧಾತುಗಳನ್ನು ಕಂಡುಹಿಡಿದರು. ಅದೇ ವರ್ಷ ಥೋರಿಯಂ ಕೂಡ ವಿಕಿರಣಪಟು ಧಾತುವೆಂದು ತಿಳಿದುಬಂತು.

ಬ್ರೊಗರ್ ಅವರ ಒಗಟಿಗೂ ಇದರಿಂದ ಉತ್ತರ ದೊರೆಯಿತು. ಖನಿಜದೊಳಗಿರುವ ಯುರೇನಿಯಂ ಅಥವಾ ಥೋರಿಯಂ ಪರಮಾಣು ಒಡೆದು ಆಲ್ಫಾ ಕಣವನ್ನು ಹೊರಚಿಮ್ಮಿದಾಗ, ಬಂದೂಕು ಹಾರಿಸಿದವನು ಹಿಂದಕ್ಕೆ ಜಗ್ಗುವಂತೆ, ಉಳಿದ ಪರಮಾಣು ಹಿಂದೆ ಸರಿದು ನೆರೆಯ ಪರಮಾಣುಗಳ ಸಾಲನ್ನು ಕೆಡಿಸುತ್ತದೆ. ಒಂದು ಪೆಟ್ಟು ಏನೂ ಅಲ್ಲ. ಕೋಟಿಗಟ್ಟಲೆ ವರ್ಷ ಇದೇ ನಡೆದರೆ ಸ್ಫಟಿಕದ ಒಳಕಟ್ಟು ಪೂರ್ತಿಯಾಗಿ ಕುಸಿದು ಹೊರರೂಪ ಮಾತ್ರ ಉಳಿಯುತ್ತದೆ.

ಥೋರಿಯಂ ನಮ್ಮ ಜನಕ್ಕೆ ಅಪರಿಚಿತವಾದ ವಸ್ತುವೇನಲ್ಲ. 1909ರಲ್ಲಿ ಜರ್ಮನ್ ರಸಾಯನಜ್ಞ ಶೋಂಬರ್ಗ್ ದಕ್ಷಿಣ ತಿರುವಾಂಕೂರಿನ ಮಣವಾಳಕುರಿಚಿಯ ಕಡಲ ಮರಳಿನಲ್ಲಿ ಮೋನಜೈಟ್ ಖನಿಜವನ್ನು ಗುರುತಿಸಿದರು. ಅಲ್ಲಿಂದ ರಫ್ತಾದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನ ಕಣಗಳೇ ಅವರಿಗೆ ಸುಳಿವು. ಆ ಮೋನಜೈಟಿನಿಂದ ತೆಗೆದ ಥೋರಿಯಂ ದೀಪದ ಮ್ಯಾಂಟಲುಗಳ ತಯಾರಿಕೆಗೆ ಬಳಕೆಯಾಯಿತು. ವಿದ್ಯುತ್ತು ಬರುವ ಮುನ್ನ ಮದುವೆಯ ಮೆರವಣಿಗೆಗಳನ್ನು ಬೆಳಗಿದ ಪೆಟ್ರೋಮ್ಯಾಕ್ಸ್ ದೀಪದ ಬಿಳಿಯ ಬತ್ತಿಚೀಲ ಇದೇ.

ರತ್ನಪುರದ ಹಸಿರು ಕಲ್ಲು

ಶ್ರೀಲಂಕೆಯ ಸಬರಗಮುವ ಪ್ರಾಂತದ ರತ್ನಪುರವು ಹೆಸರಿಗೆ ತಕ್ಕ ಊರು. ಅಲ್ಲಿನ ಹೊಲಗದ್ದೆಗಳ ಅಡಿಯಲ್ಲಿ ‘ಇಲ್ಲಂ’ ಎಂದು ಕರೆಯುವ ಜಲ್ಲಿಯ ಪದರವಿದೆ. ಗುಂಡಿ ತೋಡಿ ಆ ಜಲ್ಲಿಯನ್ನು ಮೇಲೆತ್ತಿ, ಬುಟ್ಟಿಯಲ್ಲಿ ನೀರಿನೊಡನೆ ಜಾಲಿಸಿ, ನೀಲ, ಮಾಣಿಕ್ಯ, ವೈಡೂರ್ಯ, ಗೋಮೇದಕಗಳನ್ನು ಆರಿಸುವುದು ತಲೆತಲಾಂತರದ ಕಸುಬು.

1953ರಲ್ಲಿ ರತ್ನಪುರ ಜಿಲ್ಲೆಯ ಏಹೆಲಿಯಗೊಡದ ಜಲ್ಲಿಯಲ್ಲಿ ಎಫ್. ಎಲ್. ಡಿ. ಏಕನಾಯಕೆ ಎಂಬ ರತ್ನಜ್ಞರಿಗೆ ಗುರುತು ಸಿಗದ ಹಸಿರು ಕಲ್ಲೊಂದು ದೊರೆಯಿತು. ನೋಟಕ್ಕೆ ಅದು ಬಾಟಲಿಯ ಗಾಜಿನ ತುಂಡಿನಂತಿತ್ತು. ಬೆಳಕು ಅದರೊಳಗೆ ಗಾಜಿನಲ್ಲಿ ಹಾಯುವಂತೆಯೇ ಹಾಯುತ್ತಿತ್ತು. ಆದರೆ ಗಾಜಾಗಿರಲು ಅದರ ತೂಕ ಒಪ್ಪಲಿಲ್ಲ. ಮುಂದೆ ಲಂಡನ್ನಿನ ತಜ್ಞರು ಪರೀಕ್ಷಿಸಿ, ಇದು ಹಿಂದೆ ಎಲ್ಲಿಯೂ ವರದಿಯಾಗದ ಹೊಸ ಖನಿಜವೆಂದು ನಿರ್ಣಯಿಸಿದರು. ರತ್ನಪರೀಕ್ಷಾಲಯದ ಆಂಡರ್ಸನ್ ಮತ್ತು ಬ್ರಿಟಿಷ್ ಮ್ಯೂಸಿಯಮ್ಮಿನ ಕ್ಲಾರಿಂಗ್‌ಬುಲ್ ಮೊದಲಾದವರು 1961ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ವಿವರವನ್ನು ಪ್ರಕಟಿಸಿ, ಕಂಡುಹಿಡಿದವರ ಗೌರವಾರ್ಥ ‘ಏಕನೈಟ್’ ಎಂಬ ಹೆಸರಿಟ್ಟರು.

ಏಕನೈಟ್ ಎಂಬುದು ಕ್ಯಾಲ್ಸಿಯಂ, ಥೋರಿಯಂ, ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯುಕ್ತ. ಅದರ ತೂಕದ ಸುಮಾರು ನಾಲ್ಕನೇ ಒಂದು ಪಾಲು ಥೋರಿಯಂ. ಥೋರಿಯಮ್ಮಿನ ಅರ್ಧಾಯು ಸುಮಾರು 1,405 ಕೋಟಿ ವರ್ಷ. ಅಂದರೆ ಭೂಮಿಯ ವಯಸ್ಸಿನ ಮೂರು ಪಟ್ಟಿಗೂ ಹೆಚ್ಚು. ಈ ಕಲ್ಲು ಯಾರ ಪೆಟ್ಟಿಗೆಯಲ್ಲಿದ್ದರೂ, ಎಷ್ಟು ತಲೆಮಾರು ಕಳೆದರೂ, ಸೂಸುವುದನ್ನು ನಿಲ್ಲಿಸುವುದಿಲ್ಲ. ತನ್ನದೇ ವಿಕಿರಣದ ಪೆಟ್ಟಿನಿಂದ ಅದು ಒಳಗೆ ಗಾಜಿನಂತಾಗಿದೆ. ಬ್ರೊಗರ್ ಹೇಳಿದ ಮೆಟಾಮಿಕ್ಟ್ ಸ್ಥಿತಿ ಇದೇ.

ಅದೇ ಜಲ್ಲಿಯಲ್ಲಿ ದೊರೆಯುವ ಜಿರ್ಕಾನ್ ಹರಳಿನಲ್ಲಿಯೂ ಯುರೇನಿಯಂ, ಥೋರಿಯಂಗಳು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತವೆ. ಬಹುಕಾಲದ ವಿಕಿರಣದಿಂದ ಕೆಲವು ಜಿರ್ಕಾನ್‌ಗಳು ಏಕನೈಟಿನಂತೆಯೇ ಮಂಕಾದ ಹಸಿರು ಬಣ್ಣಕ್ಕೆ ತಿರುಗಿರುವುದುಂಟು. ಆದರೆ ಅವುಗಳಲ್ಲಿನ ವಿಕಿರಣ ಏಕನೈಟಿನ ಮುಂದೆ ತೀರ ಕಡಿಮೆ. ಇಲ್ಲಿ ಹೆಸರುಗಳ ಗೊಂದಲವೊಂದನ್ನು ಬಿಡಿಸಿಕೊಳ್ಳುವುದು ಉಚಿತ. ನವರತ್ನಗಳಲ್ಲಿ ಒಂದಾದ ಗೋಮೇದಕವೆಂದು ಇಂದು ಮಾರಾಟವಾಗುವುದು ಬಹುಮಟ್ಟಿಗೆ ಹೆಸೊನೈಟ್ ಎಂಬ ಗಾರ್ನೆಟ್ ಜಾತಿಯ ಕಲ್ಲು. ಜಿರ್ಕಾನನ್ನೂ ಆ ಹೆಸರಿನಿಂದ ಕರೆದದ್ದುಂಟು. ಇನ್ನು ‘ಅಮೆರಿಕನ್ ಡೈಮಂಡ್’ ಎಂದು ಅಂಗಡಿಗಳಲ್ಲಿ ದೊರೆಯುವ ಕ್ಯೂಬಿಕ್ ಜಿರ್ಕೋನಿಯಾ ಕಾರ್ಖಾನೆಯಲ್ಲಿ ತಯಾರಾದ ಬೇರೆಯೇ ವಸ್ತು. ಹೆಸರಿನ ಹೋಲಿಕೆಯಿಂದ ಅದಕ್ಕೆ ಭಯಪಡಬೇಕಾಗಿಲ್ಲ.

ಸಂಗ್ರಾಹಕರ ಮೋಹ

ಏಕನೈಟ್ ಒಡವೆಗೆ ಯೋಗ್ಯವಾದ ಕಲ್ಲಲ್ಲ. ನೀಲ, ಮಾಣಿಕ್ಯಗಳ ಗಟ್ಟಿತನ ಅದಕ್ಕಿಲ್ಲ. ಬಣ್ಣವೂ ಪಚ್ಚೆಯ ಮುಂದೆ ನಿಲ್ಲುವಂಥದಲ್ಲ. ಆದರೂ ಜಗತ್ತಿನ ರತ್ನಸಂಗ್ರಾಹಕರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಮೊದಲ ಕಾರಣ ವಿರಳತೆ. ಸಾಣೆಗೆ ಒದಗುವಂಥ ಏಕನೈಟ್ ದೊರೆತಿರುವುದು ತೀರ ಸ್ವಲ್ಪ. ಎರಡನೆಯದು, ಕೆಲವು ಕಲ್ಲುಗಳನ್ನು ಗುಮ್ಮಟದಾಕಾರಕ್ಕೆ ಸಾಣೆ ಹಿಡಿದಾಗ ಮೇಲ್ಮೈಯಲ್ಲಿ ನಾಲ್ಕು ಕಿರಣಗಳ ನಕ್ಷತ್ರ ಮೂಡುವುದು. ಮೂರನೆಯ ಕಾರಣ ವಿಚಾರಾರ್ಹವಾದದ್ದು: ಅದು ಅಪಾಯಕಾರಿ ಎಂಬ ಮಾತೇ ಅದಕ್ಕೆ ಒಂದು ಪ್ರತಿಷ್ಠೆಯನ್ನು ತಂದುಕೊಟ್ಟಿದೆ. ಅನ್ಯರಲ್ಲಿಲ್ಲದ ವಸ್ತು ತನ್ನಲ್ಲಿದೆ ಎಂಬ ಸಂತೋಷಕ್ಕೆ, ಅನ್ಯರು ಮುಟ್ಟಲು ಹೆದರುವ ವಸ್ತು ತನ್ನ ವಶದಲ್ಲಿದೆ ಎಂಬ ಗರ್ವವೂ ಸೇರಿಕೊಳ್ಳುತ್ತದೆ. ಪರಿಗ್ರಹದ ಮೂಲ ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಿನ ಮೂರ್ಛೆಯಲ್ಲಿದೆ ಎಂದು ಆಚಾರ್ಯರು ಬೋಧಿಸಿದ್ದಕ್ಕೆ ಇದು ಸರಿಯಾದ ನಿದರ್ಶನ.

ಹಾಗೆಂದು ಸಂಗ್ರಹವೆಲ್ಲ ಮೂರ್ಛೆಯೆಂದು ತೀರ್ಮಾನಿಸುವುದು ನ್ಯಾಯವಲ್ಲ. ಬೆಂಗಳೂರಿನ ಉತ್ತರ ಭಾಗದಲ್ಲಿರುವ ಗಂಗಾನಗರದಿಂದ ಮೇಖ್ರಿ ವೃತ್ತವನ್ನು ದಾಟಿ ಸದಾಶಿವನಗರದ ಕಡೆಗೆ ಬಂದರೆ ಬೇರೆ ಬಗೆಯ ಸಂಗ್ರಹವೊಂದರ ನೆಲೆ ಸಿಗುತ್ತದೆ. ಅದು ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆ. 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ವಜ್ರ, ಓಪಲ್, ಚಂದ್ರಕಾಂತ, ಮುತ್ತು, ಅಗೇಟ್ ಮೊದಲಾದವುಗಳಲ್ಲಿ ಬೆಳಕು ಮಾಡುವ ವಿನ್ಯಾಸಗಳನ್ನು ಅವರು ದಶಕಗಳ ಕಾಲ ಅಧ್ಯಯನ ಮಾಡಿದರು. ಅದಕ್ಕಾಗಿ ಕೂಡಿಸಿದ ರತ್ನಗಳು ಮತ್ತು ಖನಿಜಗಳು ಸಂಸ್ಥೆಯ ವಸ್ತುಸಂಗ್ರಹದಲ್ಲಿವೆ. ಕತ್ತಲೆಯ ಕೋಣೆಯಲ್ಲಿ ನೇರಳಾತೀತ ದೀಪದ ಅಡಿಯಲ್ಲಿ ಹಸಿರು, ಕೆಂಪು, ಕಿತ್ತಳೆ ಬಣ್ಣಗಳಿಂದ ಬೆಳಗುವ ಕಲ್ಲುಗಳನ್ನು ಅವರು ಸಂದರ್ಶಕರಿಗೆ ಉತ್ಸಾಹದಿಂದ ತೋರಿಸುತ್ತಿದ್ದರು.

ಇಲ್ಲಿ ಒಂದು ಭೇದವನ್ನು ಗ್ರಹಿಸಬೇಕು. ನೇರಳಾತೀತ ಬೆಳಕಿನಲ್ಲಿ ಕಲ್ಲು ಹೊಳೆಯುವುದು ಪ್ರತಿದೀಪ್ತಿ. ಅದು ವಿಕಿರಣದ ಲಕ್ಷಣವಲ್ಲ. ದೀಪವನ್ನು ಆರಿಸಿದರೆ ಪ್ರತಿದೀಪ್ತಿಯೂ ನಿಲ್ಲುತ್ತದೆ. ಯುರೇನಿಯಮ್ಮಿನ ಕೆಲವು ಖನಿಜಗಳು ಹೊಳೆಯುತ್ತವೆಂಬುದು ನಿಜ. ಆದರೆ ಹೊಳೆಯುವುದೆಲ್ಲ ವಿಕಿರಣಪಟುವಲ್ಲ, ವಿಕಿರಣಪಟುವಾದದ್ದೆಲ್ಲ ಹೊಳೆಯುವುದಿಲ್ಲ. ಕರ್ನಾಟಕದ್ದೇ ಉದಾಹರಣೆ ಬೇಕಾದರೆ, ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಪರಮಾಣು ಖನಿಜ ನಿರ್ದೇಶನಾಲಯದವರು ಪತ್ತೆ ಮಾಡಿದ ಯುರೇನಿಯಂ ಅದಿರಿನಲ್ಲಿ ಮುಖ್ಯವಾದವು ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್; ಎರಡೂ ಕಪ್ಪಾದ, ಯಾರ ಕಣ್ಣನ್ನೂ ಸೆಳೆಯದ ಖನಿಜಗಳು. ಕಣ್ಣಿನ ಸಾಕ್ಷ್ಯ ಇಲ್ಲಿ ಪ್ರಮಾಣವಾಗುವುದಿಲ್ಲ.

ರಾಮನ್ 1970ರ ನವೆಂಬರ್ 21ರಂದು ತೀರಿಕೊಂಡರು. ಅವರ ಅಂತ್ಯಸಂಸ್ಕಾರ ಸಂಸ್ಥೆಯ ಆವರಣದಲ್ಲೇ ನಡೆಯಿತು. ಅಲ್ಲಿ ಸಮಾಧಿಯ ಬದಲಿಗೆ ಮರವೊಂದನ್ನು ನೆಡಲಾಯಿತು. ಕಲ್ಲುಗಳು ಒಂದು ಮನೆತನದ ಒಡವೆಯಾಗದೆ ಸಂಸ್ಥೆಯಲ್ಲಿ ಉಳಿದವು. ಕೂಡಿಸಿದ್ದು ತಿಳಿಯುವುದಕ್ಕೆ, ತಿಳಿದದ್ದು ಹೇಳುವುದಕ್ಕೆ ಎಂಬ ಕ್ರಮವನ್ನು ಈ ಸಂಗ್ರಹದಲ್ಲಿ ಕಾಣಬಹುದು.

ಮನುಷ್ಯನೇ ತಂದ ದೋಷ

ಪ್ರಕೃತಿಯಲ್ಲಿ ವಿಕಿರಣಪಟು ರತ್ನಗಳು ವಿರಳ. ಆದರೆ ವಿಕಿರಣ ಬಣ್ಣವನ್ನು ಬದಲಿಸಬಲ್ಲದೆಂದು ತಿಳಿದ ದಿನದಿಂದ ಮನುಷ್ಯ ತಾನೇ ಅವುಗಳನ್ನು ಸೃಷ್ಟಿಸತೊಡಗಿದನು. 1904ರ ಸುಮಾರಿಗೆ ಇಂಗ್ಲೆಂಡಿನ ಸರ್ ವಿಲಿಯಂ ಕ್ರೂಕ್ಸ್ ವಜ್ರಗಳನ್ನು ರೇಡಿಯಂ ಲವಣದಲ್ಲಿ ತಿಂಗಳುಗಟ್ಟಲೆ ಹುದುಗಿಸಿಟ್ಟರು. ಅವು ಹಸಿರಾದವು. ಅಂಥ ಒಂದು ವಜ್ರವನ್ನು 1914ರಲ್ಲಿ ಅವರು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟರು. ಅದು ಇಂದಿಗೂ ವಿಕಿರಣಪಟುವಾಗಿದೆ. ರೇಡಿಯಮ್ಮಿನ ಅರ್ಧಾಯು ಸುಮಾರು 1,600 ವರ್ಷವಾದ್ದರಿಂದ ಅದು ಶಾಂತವಾಗುವುದನ್ನು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಕಾಣಲಾರರು.

ಈಗಿನ ಕಾಲದಲ್ಲಿ ಗಾಢ ನೀಲಿ ಬಣ್ಣದ ಟೋಪಾಜ್ ಬಹುಮಟ್ಟಿಗೆ ವಿಕಿರಣ ಸಂಸ್ಕಾರದಿಂದ ಬಂದದ್ದು. ರಿಯಾಕ್ಟರಿನಲ್ಲಿ ಸಂಸ್ಕರಿಸಿದ ಕಲ್ಲುಗಳನ್ನು, ಅವುಗಳಲ್ಲಿ ಉಂಟಾದ ವಿಕಿರಣ ನಿಗದಿತ ಮಿತಿಗಿಂತ ಕೆಳಗೆ ಇಳಿಯುವವರೆಗೆ, ತಿಂಗಳುಗಟ್ಟಲೆ ಕಾದಿರಿಸಿ ಆಮೇಲೆ ಮಾರುವುದು ನಿಯಮ. ನಿಯಮವನ್ನು ಪಾಲಿಸಿದ ಕಲ್ಲಿನಿಂದ ಹಾನಿಯಿಲ್ಲ. ಆದರೆ 1997ರಲ್ಲಿ ಏಷ್ಯಾದ ರತ್ನಮಾರುಕಟ್ಟೆಗೆ ಬಂದ ಕೆಲವು ಕಂದು ಬಣ್ಣದ ವೈಡೂರ್ಯಗಳಲ್ಲಿ ಅನುಮತಿಸಿದ ಮಿತಿಗಿಂತ ಅನೇಕ ಪಟ್ಟು ವಿಕಿರಣ ಇರುವುದು ಪತ್ತೆಯಾಗಿ ವ್ಯಾಪಾರಿಗಳ ಸಂಘಟನೆಗಳು ಎಚ್ಚರಿಕೆ ನೀಡಬೇಕಾಯಿತು. ಯಾರೋ ಬಣ್ಣದ ಆಸೆಯಿಂದ ಸಂಸ್ಕರಿಸಿ, ಕಾಯುವ ತಾಳ್ಮೆಯಿಲ್ಲದೆ ಮಾರಿದ್ದರು. ವೈಡೂರ್ಯವು ಕೇತುಗ್ರಹದ ರತ್ನವೆಂದು ನಂಬಿ ಹಗಲಿರುಳೂ ಬೆರಳಿನಲ್ಲಿ ಧರಿಸುವವರಿರುವ ನಮ್ಮ ದೇಶಕ್ಕೆ ಈ ಪ್ರಸಂಗ ದೂರದ ಸುದ್ದಿಯಲ್ಲ.

ತಿಳಿಸದೆ ಕೈದಾಟಿಸಿದ ವಸ್ತು ಏನು ಮಾಡಬಲ್ಲದೆಂಬುದಕ್ಕೆ 2010ರ ದೆಹಲಿಯ ದುರಂತ ಸಾಕ್ಷಿ. ದೆಹಲಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬಹುಕಾಲ ಬಳಸದೆ ಬಿದ್ದಿದ್ದ ಕೋಬಾಲ್ಟ್-60 ಉಪಕರಣವೊಂದು ಹರಾಜಿನಲ್ಲಿ ಗುಜರಿಗೆ ಹೋಯಿತು. ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಅದನ್ನು ಒಡೆದವರು ಒಳಗೇನಿದೆಯೆಂದು ಅರಿಯದವರು. ಹಲವರು ಅಸ್ವಸ್ಥರಾದರು, ಒಬ್ಬ ಕಾರ್ಮಿಕ ಪ್ರಾಣ ಕಳೆದುಕೊಂಡನು. ರತ್ನದ ವಿಕಿರಣವನ್ನು ಆ ಪ್ರಬಲ ಉಪಕರಣಕ್ಕೆ ಹೋಲಿಸಲಾಗದು. ಆದರೆ ದೋಷ ಉಂಟಾದ ಬಗೆ ಒಂದೇ: ಮೊದಲ ಒಡೆಯನಿಗೆ ಇದ್ದ ತಿಳಿವಳಿಕೆ ವಸ್ತುವಿನೊಡನೆ ಮುಂದಿನ ಕೈಗೆ ಹೋಗಲಿಲ್ಲ.

ಪರೀಕ್ಷೆ ಮತ್ತು ಪ್ರಕಟಣೆ

ಈ ಚರಿತ್ರೆಯಿಂದ ಶ್ರಾವಕ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಗ್ರಹಿಸಬೇಕಾದದ್ದೇನು?

ಮೊದಲನೆಯದಾಗಿ, ನಿಷ್ಕಾರಣ ಭಯ ಸಲ್ಲದು. ವಜ್ರ, ಮಾಣಿಕ್ಯ, ನೀಲ, ಪಚ್ಚೆ, ಮುತ್ತು, ಹವಳ, ಸ್ಫಟಿಕ ಇವು ಸ್ವಭಾವತಃ ವಿಕಿರಣಪಟು ಖನಿಜಗಳಲ್ಲ. ಮೂಡುಬಿದಿರೆಯ ಗುರುಬಸದಿಯಲ್ಲಿ ಭಕ್ತರು ದರ್ಶನ ಪಡೆಯುವ ರತ್ನಬಿಂಬಗಳಂಥ ಪೂರ್ವಿಕರ ನಿಧಿಗಳನ್ನು ಸಂಶಯದಿಂದ ನೋಡಲು ಏಕನೈಟಿನ ಕಥೆ ಕಾರಣವಾಗಕೂಡದು. ಎಚ್ಚರ ಬೇಕಾದದ್ದು ಇತ್ತೀಚಿನ ದಶಕಗಳಲ್ಲಿ ಕೊಂಡ ಅಥವಾ ದಾನವಾಗಿ ಬಂದ, ಮೂಲ ತಿಳಿಯದ, ಅಪರೂಪವೆಂದು ಹೊಗಳಿ ಕೊಟ್ಟ ಕಲ್ಲುಗಳ ವಿಷಯದಲ್ಲಿ.

ಎರಡನೆಯದಾಗಿ, ಪರೀಕ್ಷೆ ಕಷ್ಟದ ಕೆಲಸವಲ್ಲ. ಗೈಗರ್ ಗಣಕವೆಂಬ ಉಪಕರಣ ಕೆಲವೇ ನಿಮಿಷಗಳಲ್ಲಿ ಕಲ್ಲಿನ ವಿಕಿರಣವನ್ನು ತೋರಿಸಿಕೊಡುತ್ತದೆ. ಏಕನೈಟಿನಂಥ ಕಲ್ಲು ದೊರೆತರೆ ಅದನ್ನು ಉಂಗುರವಾಗಿ ಇಲ್ಲವೆ ಪದಕವಾಗಿ ಧರಿಸಬಾರದು. ಗಾಜಿನ ಪೆಟ್ಟಿಗೆಯಲ್ಲಿ, ಜನ ಬಹುಹೊತ್ತು ಕೂರುವ ಅಥವಾ ಮಲಗುವ ಸ್ಥಳದಿಂದ ದೂರವಿರಿಸಬೇಕು. ದೂರ ಎರಡರಷ್ಟಾದರೆ ಸಣ್ಣ ಕಲ್ಲಿನಿಂದ ಬರುವ ಕಿರಣದ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಅದನ್ನು ಮತ್ತೆ ಸಾಣೆ ಹಿಡಿಸಬಾರದು. ಕಲ್ಲಿನ ಆಲ್ಫಾ ಕಣಗಳನ್ನು ಚರ್ಮವೇ ತಡೆಯುತ್ತದೆ. ಆದರೆ ಧೂಳು ಉಸಿರಿನೊಡನೆ ಒಳಹೋದರೆ ಅದೇ ಕಣ ಶ್ವಾಸಕೋಶವನ್ನು ಘಾಸಿಗೊಳಿಸುತ್ತದೆ. ಈ ಹಾನಿ ಒಡೆಯನಿಗಿಂತ ಮೊದಲು ಸಾಣೆಗಾರನಿಗೆ ತಟ್ಟುತ್ತದೆಂಬುದನ್ನು ಮರೆಯಬಾರದು. ಜಾತಿ ತಿಳಿಯದ ಕಲ್ಲನ್ನು ಭಸ್ಮ ಮಾಡಿ ಸೇವಿಸುವುದು, ನೀರಿನಲ್ಲಿಟ್ಟು ಆ ನೀರನ್ನು ಕುಡಿಯುವುದು ಸರ್ವಥಾ ವರ್ಜ್ಯ.

ಮೂರನೆಯದು ಮತ್ತು ಮುಖ್ಯವಾದದ್ದು, ಪ್ರಕಟಣೆ. ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಒಂದನ್ನು ಮತ್ತೊಂದೆಂದು ತೋರಿಸಿ ಮಾರುವುದು ಅದರ ಅರ್ಥ. ಸಂಸ್ಕರಿಸಿದ ಕಲ್ಲನ್ನು ಸಹಜವೆಂದು ಮಾರುವವನು ಈ ಅತಿಚಾರದಿಂದ ತಪ್ಪಿಸಿಕೊಳ್ಳಲಾರನು. ವಿಕಿರಣವನ್ನು ಮುಚ್ಚಿಟ್ಟು ಮಾರಿದರೆ ಅಸತ್ಯದೊಡನೆ ಹಿಂಸೆಯೂ ಸೇರುತ್ತದೆ. ಶ್ರಾವಕಾಚಾರ ಗ್ರಂಥಗಳು ವಿಷವಾಣಿಜ್ಯವನ್ನು ನಿಷೇಧಿಸಿದಾಗ ಇಂಥ ವಿಷದ ಕಲ್ಪನೆ ಯಾರಿಗೂ ಇರಲಿಲ್ಲ; ಆದರೂ ನಿಷೇಧದ ಆಶಯ ಇದಕ್ಕೂ ಅನ್ವಯಿಸುತ್ತದೆ.

ಆಡಳಿತ ಮಂಡಳಿಗಳು ರತ್ನದಾನವನ್ನು ಸ್ವೀಕರಿಸುವಾಗ ತೂಕ ಮತ್ತು ಬೆಲೆಯ ಜೊತೆಗೆ ಕಲ್ಲಿನ ಜಾತಿ, ಮೂಲ, ಸಂಸ್ಕಾರ ಮತ್ತು ಪರೀಕ್ಷೆಯ ಫಲಿತಾಂಶವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಯುಕ್ತ. ಮನೆಗಳಲ್ಲಿ ಹಿರಿಯರು ಒಡವೆಗಳನ್ನು ಮಕ್ಕಳಿಗೆ ಹಂಚುವಾಗಲೂ ಅಂಥ ಒಂದು ಚೀಟಿ ಜೊತೆಗಿರಬೇಕು. ಅರ್ಚಕರು, ಭಂಡಾರದ ಲೆಕ್ಕಿಗರು, ಒಡವೆ ತಿದ್ದುವ ಅಕ್ಕಸಾಲಿಗರು ಆ ಕಲ್ಲನ್ನು ಮುಂದೆ ಮುಟ್ಟುವವರು. ಅವರಿಗೆ ತಿಳಿಯುವ ಹಕ್ಕಿದೆ. ಠಕ್ಕುರ ಫೇರು ಹೇಮಪಾಲನಿಗಾಗಿ ಮಾಡಿದ ಕೆಲಸವನ್ನು ಇಂದು ಪ್ರತಿಯೊಂದು ಮನೆಯೂ ಪ್ರತಿಯೊಂದು ಬಸದಿಯೂ ಒಂದು ಹಾಳೆಯಷ್ಟಾದರೂ ಮಾಡಬಹುದು. ಏಕನೈಟಿನ ಥೋರಿಯಂ ಸಾವಿರಾರು ತಲೆಮಾರುಗಳ ಅನಂತರವೂ ಹೆಚ್ಚುಕಡಿಮೆ ಇಂದಿನಷ್ಟೇ ಉಳಿದಿರುತ್ತದೆ. ಅದನ್ನು ಕುರಿತ ತಿಳಿವಳಿಕೆಯಾದರೋ ಬರೆದಿಡದಿದ್ದರೆ ಒಂದೇ ತಲೆಮಾರಿನಲ್ಲಿ ಅಳಿದುಹೋಗುತ್ತದೆ.